ಸೈಕಲ್ ಗೋಡೆಗೆ, ಕಾಲು ಗಡಕ್ಕೆ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿ ಕಡೆ ಸೈಕಲ್ ತುಳಿಯುವವರಿಗೆ ವರ್ಷದಲ್ಲಿ ಎರಡು ಸಲ ಸೈಕಲ್ ಒಳಗಿಡುವ ಕಾಲ ಬರುತ್ತದೆ. ಮೊದಲನೆಯದು ಮಳೆಗಾಲ. ಜೂನ್ ತಿಂಗಳ ಜೋರು ಮಳೆ ಬಿದ್ದು ವಾರ ಕಳೆಯುವುದರೊಳಗೆ ಘೋಡಬಂದರ್ ರಸ್ತೆಯಲ್ಲೂ ಕಲ್ಯಾಣ–ಶಿಳ್ ರಸ್ತೆಯಲ್ಲೂ ಗುಂಡಿಗಳು ಬಾಯಿ ತೆರೆಯುತ್ತವೆ. ನೀರು ತುಂಬಿಕೊಂಡ ಮೇಲೆ ಯಾವುದು ಗೇಣುದ್ದ, ಯಾವುದು ಮೊಣಕಾಲುದ್ದ ಎಂದು ತಿಳಿಯುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಎರಡನೆಯದು ಚಳಿಗಾಲ ಎಂದರೆ ಊರಿನವರು ನಂಬುವುದಿಲ್ಲ. ಧಾರವಾಡದಲ್ಲಿರುವ ನನ್ನ ತಮ್ಮ ಈಗಲೂ ಕೇಳುತ್ತಾನೆ: "ಅಲ್ಲೋ ಅಣ್ಣಾ, ಥಂಡಿ ದಿನದಾಗ ಸೈಕಲ್ ಹೊಡಿಲಿಕ್ಕೆ ಏನು ತೊಂದ್ರಿ?"

ಅವನ ಪ್ರಶ್ನೆಯಲ್ಲಿ ನ್ಯಾಯವಿದೆ. ನಾನು ಡೊಂಬಿವಲಿಗೆ ಬಂದ ಹೊಸತರಲ್ಲಿ ಚಳಿಗಾಲದ ಬೆಳಗುಗಳೇ ಸೈಕಲ್ಲಿನ ಹಬ್ಬ. ನಸುಕಿನಲ್ಲಿ ಶಿಳ್‌ಫಾಟಾ ದಾಟಿ, ಮಹಾಪೆಯ ಇಳಿಜಾರಿನಲ್ಲಿ ನವಿಮುಂಬಯಿಗೆ ಇಳಿದು, ವಾಶಿಯಿಂದ ಬೇಲಾಪುರದವರೆಗೆ ಪಾಮ್ ಬೀಚ್ ರಸ್ತೆಯಲ್ಲಿ ಸಮುದ್ರದ ಖಾಡಿಯನ್ನು ಬಲಕ್ಕಿಟ್ಟುಕೊಂಡು ತುಳಿಯುವುದು. ಸೂರ್ಯ ಏರುವ ಮೊದಲೇ ಮನೆ ಸೇರಿ, ಬಿಸಿ ಉಪ್ಪಿಟ್ಟು ತಿಂದು, ಲೋಕಲ್ ಹಿಡಿದು ಆಫೀಸಿಗೆ. ಹೊಟ್ಟೆ, ನಿದ್ದೆ, ಸಿಟ್ಟು ಎಲ್ಲವೂ ಹದದಲ್ಲಿರುತ್ತಿದ್ದ ಕಾಲ ಅದು.

ಆಮೇಲಾಮೇಲೆ ಆ ಬೆಳಗುಗಳ ಬಣ್ಣವೇ ಬದಲಾಯಿತು. 2023ರ ದೀಪಾವಳಿಯ ಹೊತ್ತಿಗೆ ಘೋಡಬಂದರ್ ರಸ್ತೆಯ ನಡುವೆ ಮೆಟ್ರೊ 4ರ ಕಂಬಗಳು, ಥಾಣೆ–ಭಿವಂಡಿ–ಕಲ್ಯಾಣ ದಾರಿಯಲ್ಲಿ ಮೆಟ್ರೊ 5ರ ಕೆಲಸ, ಶಿಳ್ ರಸ್ತೆಯ ಅಗಲೀಕರಣ, ಎಲ್ಲೆಡೆ ಏಳುತ್ತಿರುವ ಟವರುಗಳು. ಚಳಿಗಾಲದಲ್ಲಿ ಕಡಲಗಾಳಿ ದುರ್ಬಲವಾಗುತ್ತದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ತಂಪುಗಾಳಿ ಕೆಳಗೆ, ಬೆಚ್ಚನೆಯ ಗಾಳಿ ಮೇಲೆ ನಿಂತು, ಧೂಳು–ಹೊಗೆ ಎರಡೂ ಮೇಲೇರಲಾರದೆ ನೆಲಮಟ್ಟದಲ್ಲೇ ಉಳಿಯುತ್ತವೆ. ಸೈಕಲ್ ಸವಾರ ಮನೆ ಬಿಡುವುದು ಸರಿಯಾಗಿ ಆ ಹೊತ್ತಿಗೇ. ಆ ವರ್ಷ ಅಕ್ಟೋಬರ್ 31ರಂದು ಬಾಂಬೆ ಹೈಕೋರ್ಟು ಮುಂಬಯಿಯ ಗಾಳಿಯ ಸ್ಥಿತಿಯನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಪತ್ರಿಕೆಯಲ್ಲಿ ಅದನ್ನು ಓದಿದಾಗ ನಾನು ಪ್ರತಿದಿನ ಮುಖ ಒರೆಸಿಕೊಳ್ಳುವ ಟವೆಲ್ಲಿನ ಕಪ್ಪು ಗೆರೆಗೆ ಸಾಕ್ಷಿ ಸಿಕ್ಕಂತಾಯಿತು.

ಸುಮ್ಮನೆ ಕುಳಿತಿರುವ ಮನುಷ್ಯ ನಿಮಿಷಕ್ಕೆ 6–8 ಲೀಟರ್ ಗಾಳಿ ಒಳಗೆಳೆದುಕೊಳ್ಳುತ್ತಾನೆ. ಏರಿನಲ್ಲಿ ಸೈಕಲ್ ತುಳಿಯುವಾಗ ಅದೇ ಮನುಷ್ಯನಿಗೆ 60 ಲೀಟರಿಗೂ ಹೆಚ್ಚು ಬೇಕು. ಅದೂ ಮೂಗು ಸಾಲದೆ ಬಾಯಿಯಿಂದ. ಪಿಎಂ 2.5 ಎಂಬ ಸೂಕ್ಷ್ಮ ಕಣಗಳು ಇಪ್ಪತ್ನಾಲ್ಕು ಗಂಟೆಯ ಸರಾಸರಿಯಲ್ಲಿ ಘನಮೀಟರಿಗೆ 60 ಮೈಕ್ರೊಗ್ರಾಮ್ ಮೀರಬಾರದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಕೇವಲ 15. ಆರೋಗ್ಯಕ್ಕೆಂದು ತುಳಿಯುತ್ತ ಶ್ವಾಸಕೋಶಕ್ಕೆ ಧೂಳು ತುಂಬಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ ಎಂದು ತೀರ್ಮಾನಿಸಿದೆ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಸೈಕಲ್ ಗೋಡೆಯ ಮೊಳೆಗೆ ಹೋಯಿತು.

ತುಳಿಯುವುದು ನಿಂತರೆ ದೇಹ ಹೆಚ್ಚು ಕಾಲ ಕಾಯುವುದಿಲ್ಲ. ಮೊದಲು ರಕ್ತದ ದ್ರವಾಂಶ ಇಳಿಯುತ್ತದೆ, ಹೃದಯ ಒಂದೊಂದು ಬಡಿತಕ್ಕೆ ಕಳಿಸುವ ರಕ್ತ ಕಡಿಮೆಯಾಗುತ್ತದೆ, ಎರಡರಿಂದ ನಾಲ್ಕು ವಾರಗಳಲ್ಲಿ ಆಮ್ಲಜನಕ ಬಳಸುವ ಶಕ್ತಿಯೇ ಕುಂದುತ್ತದೆ. ನನಗೆ ಅದು ಗೊತ್ತಾದದ್ದು ಡೊಂಬಿವಲಿ ಸ್ಟೇಷನ್ನಿನ ಪಾದಚಾರಿ ಸೇತುವೆಯ ಮೆಟ್ಟಿಲಲ್ಲಿ. ಮೇಲೆ ತಲುಪುವಷ್ಟರಲ್ಲಿ ಏದುಸಿರು. ಗೆಳೆಯರಲ್ಲಿ ಕೆಲವರು ಮನೆಯೊಳಗೇ ಟ್ರೇನರ್ ಮೇಲೆ ಸೈಕಲ್ ಏರಿಸಿ ಗೋಡೆ ನೋಡುತ್ತ ತುಳಿದರು. ಎರಡು ಕೋಣೆಯ ಮನೆಯಲ್ಲಿ, ಮಕ್ಕಳ ಪರೀಕ್ಷೆಯ ದಿನಗಳಲ್ಲಿ, ನನಗದು ಒಗ್ಗಲಿಲ್ಲ.

ದಾರಿ ತೋರಿಸಿದವರು ಉಡುಪಿ ಕಡೆಯ ಒಬ್ಬ ಹಿರಿಯರು. ಕಲ್ಯಾಣದಲ್ಲಿ ಹೋಟೆಲ್ ನಡೆಸಿ ಮಗನಿಗೆ ಒಪ್ಪಿಸಿ ನಿವೃತ್ತರಾದವರು. ಡೊಂಬಿವಲಿ ಕರ್ನಾಟಕ ಸಂಘದ ಕಾರ್ಯಕ್ರಮವೊಂದರಲ್ಲಿ ಪರಿಚಯವಾಗಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ತೆಳ್ಳಗಿನ ಮೈ. ನನ್ನ ಸೈಕಲ್ ಪುರಾಣವನ್ನೆಲ್ಲ ಕೇಳಿಸಿಕೊಂಡು, "ಎಂತ ಮಾರಾಯ್ರೆ, ರಸ್ತೆ ಹಾಳಾದ್ರೆ ಬೆಟ್ಟ ಉಂಟಲ್ಲ? ಆದಿತ್ಯವಾರ ಬೆಳಿಗ್ಗೆ ಬನ್ನಿ. ಕಾಲು ಹೇಗೂ ಉಂಟು, ದಾರಿ ನಾನು ತೋರಿಸ್ತೇನೆ" ಎಂದರು. ಎಲ್ಲರಂತೆ ನಾನೂ ಅವರನ್ನು ಶೆಟ್ರೆ ಎಂದೇ ಕರೆಯುತ್ತಿದ್ದೆ. ಹೋಟೆಲಿಗೆ ರಜೆ ಇದ್ದ ದಿನಗಳಲ್ಲಿ ನಾಲ್ಕು ದಶಕ ಸಹ್ಯಾದ್ರಿಯ ಗಡಗಳನ್ನು, ಅಂದರೆ ಬೆಟ್ಟದ ಕೋಟೆಗಳನ್ನು, ಹತ್ತಿ ಬಂದವರು ಅವರು ಎಂಬುದು ನನಗೆ ಅಂದೇ ತಿಳಿದದ್ದು.

ಬೆಟ್ಟ ಹತ್ತುವವರಿಗೆ ಕಲ್ಯಾಣದಷ್ಟು ಅನುಕೂಲದ ಊರು ಇನ್ನೊಂದಿಲ್ಲ. ಮುಂಬಯಿಯಿಂದ ಬರುವ ಮಧ್ಯ ರೈಲ್ವೆಯ ಹಳಿ ಇಲ್ಲಿ ಕವಲೊಡೆಯುತ್ತದೆ. ಒಂದು ಕವಲು ಕಸಾರಾಕ್ಕೆ, ಇನ್ನೊಂದು ಕರ್ಜತ್‌ಗೆ. ಕಸಾರಾ ಕವಲಿನಲ್ಲಿ ಆಸನಗಾಂವ್ ಇಳಿದರೆ ಮಾಹುಲಿ. ಕರ್ಜತ್ ಕವಲಿನಲ್ಲಿ ಬದಲಾಪುರದ ಪಕ್ಕ ಚಂದೇರಿ, ನೇರಳ್‌ನಲ್ಲಿ ಮಾಥೇರಾನ್ ಮತ್ತು ಪೇಬ್. ನವಿಮುಂಬಯಿಯವರಿಗೆ ಪನವೇಲ್ ದಾಟಿದರೆ ಪ್ರಬಲಗಡ, ಕಲಾವಂತಿಣ್, ಕರ್ನಾಳಾ. ಥಾಣೆಯವರಿಗೆ ಬಾಗಿಲ ಮುಂದೆಯೇ ಯೇವೂರ್ ಕಾಡು. ನಸುಕಿನ ಮೊದಲ ಲೋಕಲ್‌ನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಹೊರಟ ಹುಡುಗ–ಹುಡುಗಿಯರು, ಅವರ ನಡುವೆ ಹಾಲಿನ ಕ್ಯಾನು, ತರಕಾರಿ ಮೂಟೆ. ಹತ್ತಿಪ್ಪತ್ತು ರೂಪಾಯಿ ಟಿಕೆಟ್ಟಿನಲ್ಲಿ ಪಶ್ಚಿಮ ಘಟ್ಟದ ಬುಡಕ್ಕೆ ಇಳಿಸುವ ರೈಲು ಈ ದುಡಿಯುವ ಊರುಗಳಿಗೆ ಸಿಕ್ಕಿರುವ ದೊಡ್ಡ ಭಾಗ್ಯ.

ಶೆಟ್ರು ಮೊದಲು ಕರೆದೊಯ್ದದ್ದು ಮಲಂಗಗಡಕ್ಕೆ. ಡೊಂಬಿವಲಿಯ ಎತ್ತರದ ಕಟ್ಟಡದ ಗಚ್ಚಿಯ ಮೇಲೆ ನಿಂತರೆ ಆಕಾಶದ ಅಂಚಿನಲ್ಲಿ ಕಾಣುವ ಗಡ ಅದು. ಕಲ್ಯಾಣದಿಂದ ಬಸ್ಸು, ಆಮೇಲೆ ಮೆಟ್ಟಿಲು. ಅಲ್ಲಿನ ದರ್ಗಾಕ್ಕೆ ಹೋಗುವ ಭಕ್ತರು, ಹೂವು ಮಾರುವವರು, ಲಿಂಬು ಶರಬತ್ತಿನ ಅಂಗಡಿಗಳು. ಸೈಕಲ್ ತುಳಿದ ತೊಡೆಗೆ ಮೆಟ್ಟಿಲು ಹತ್ತುವುದು ಕಷ್ಟವೆನಿಸಲಿಲ್ಲ. ಉಸಿರು ಏರಿತು, ಹದಕ್ಕೆ ಬಂತು, ಹತ್ತಿಬಿಟ್ಟೆ. ಕಥೆ ಶುರುವಾದದ್ದು ಇಳಿಯುವಾಗ. ಅರ್ಧ ದಾರಿಗೆ ತೊಡೆಯ ಮುಂಭಾಗ ನಡುಗತೊಡಗಿತು. ಮರುದಿನ ನೋವು, ಅದರ ಮರುದಿನ ಇನ್ನೂ ಹೆಚ್ಚು. ಕುರ್ಚಿಯಿಂದ ಏಳಲು ಮೇಜು ಹಿಡಿಯಬೇಕಾಯಿತು.

ಆ ನೋವಿನ ಕಾರಣ ತಿಳಿದುಕೊಂಡಾಗ ನನ್ನ ಅಷ್ಟು ವರ್ಷಗಳ ಸೈಕಲ್ ಸವಾರಿಯ ಮಿತಿಯೂ ತಿಳಿಯಿತು. ಪೆಡಲ್ ತುಳಿಯುವಾಗ ತೊಡೆಯ ಸ್ನಾಯು ಕುಗ್ಗುತ್ತ ಬಲ ಹಾಕುತ್ತದೆ. ಬೆಟ್ಟ ಇಳಿಯುವಾಗ ಅದೇ ಸ್ನಾಯು ಮೈಭಾರವನ್ನು ತಡೆಹಿಡಿಯುತ್ತ, ಹಿಗ್ಗುತ್ತ ಬಲ ಹಾಕಬೇಕು. ಈ ಎರಡನೆಯ ಕೆಲಸವನ್ನು ಸೈಕಲ್ ಕೇಳುವುದೇ ಇಲ್ಲ. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮ ಸೀಳುಗಳಾಗಿ ಒಂದರಿಂದ ಮೂರು ದಿನಗಳೊಳಗೆ ನೋವು ತುದಿಗೇರುತ್ತದೆ. ಆದರೆ ಅದೇ ಇಳಿತವನ್ನು ಕೆಲವು ವಾರಗಳೊಳಗೆ ಮತ್ತೆ ಮಾಡಿದರೆ ನೋವು ಬಹಳ ಕಡಿಮೆ. ದೇಹ ಅಷ್ಟು ಬೇಗ ಕಲಿಯುತ್ತದೆ. ಮೂಳೆಯ ಮಾತೂ ಹಾಗೆಯೇ. ಸೈಕಲ್ಲಿನಲ್ಲಿ ಮೈಭಾರವನ್ನು ಸೀಟು ಹೊರುತ್ತದೆ, ಮೂಳೆಗೆ ಪೆಟ್ಟು ತಾಗುವುದಿಲ್ಲ. ಸೈಕಲ್ ಒಂದನ್ನೇ ನೆಚ್ಚಿಕೊಂಡ ರೇಸ್ ಸವಾರರ ಬೆನ್ನುಮೂಳೆಯ ಸಾಂದ್ರತೆ ಕಡಿಮೆಯಿರುವುದನ್ನು ಕ್ರೀಡಾವೈದ್ಯರು ಗುರುತಿಸಿದ್ದಾರೆ. ಹೆಜ್ಜೆಹೆಜ್ಜೆಗೂ ನೆಲಕ್ಕೆ ತಾಗುವ ನಡಿಗೆಯೇ ಮೂಳೆಗೆ ಗಟ್ಟಿಯಾಗೆಂದು ಹೇಳುವ ಸಂದೇಶ. ಸೈಕಲ್ ನನ್ನ ಹೃದಯವನ್ನು ಸಾಕಿತ್ತು. ಉಳಿದ ಮೈಯನ್ನು ಸಾಕಲು ಬೆಟ್ಟ ಬೇಕಿತ್ತು.

ಆ ಚಳಿಗಾಲದ ನಿಜವಾದ ಪಾಠ ಮಾಹುಲಿಯದು. ಥಾಣೆ ಜಿಲ್ಲೆಯ ಎತ್ತರದ ಗಡಗಳಲ್ಲಿ ಒಂದು ಅದು, 858 ಮೀಟರ್. ಬುಡದ ಹಳ್ಳಿಯಿಂದ ಲೆಕ್ಕ ಹಾಕಿದರೂ ಏರು ಸುಮಾರು 700 ಮೀಟರ್. ಸುತ್ತ ತಾನ್ಸಾ ಅಭಯಾರಣ್ಯದ ಕಾಡು. ಆಸನಗಾಂವ್‌ನಲ್ಲಿಳಿದು ರಿಕ್ಷಾದಲ್ಲಿ ಹಳ್ಳಿ ಸೇರುವಾಗ ಇನ್ನೂ ಕತ್ತಲು. ಸ್ವೆಟರ್ ತೊಟ್ಟು ಬಂದವನಿಗೆ ಶೆಟ್ರು "ಅದನ್ನು ಚೀಲಕ್ಕೆ ಹಾಕಿ, ಹತ್ತು ನಿಮಿಷದಲ್ಲಿ ಬೆವರ್ತೀರಿ" ಎಂದರು. ಡಿಸೆಂಬರಿನ ತೇಗದ ಕಾಡಿನಲ್ಲಿ ನೆಲದ ತುಂಬ ಒಣಗಿದ ಅಗಲ ಎಲೆಗಳು, ಪ್ರತಿ ಹೆಜ್ಜೆಗೂ ಹಪ್ಪಳ ಮುರಿದ ಹಾಗೆ ಸದ್ದು. ಕಾಡು ಮುಗಿದ ಮೇಲೆ ಬೆಟ್ಟದ ಏಣು, ಎರಡೂ ಕಡೆ ಬಂಗಾರದ ಬಣ್ಣಕ್ಕೆ ತಿರುಗಿದ ಒಣಹುಲ್ಲು, ಆಚೆಗೆ ನವರಾ–ನವರಿ, ಭಟಜಿ ಎಂದು ಜನ ಹೆಸರಿಟ್ಟ ಕಲ್ಲಿನ ಗೋಪುರಗಳು. ಕೊನೆಯ ಕಡಿದಾದ ಏರಿಗೆ ಕಬ್ಬಿಣದ ಏಣಿ. 1636ರಲ್ಲಿ ಶಹಾಜಿ ರಾಜರು ಮೊಘಲ್–ಆದಿಲಶಾಹಿ ಸೈನ್ಯದೆದುರು ಕೊನೆಯದಾಗಿ ನಿಂತದ್ದು ಈ ಗಡದಲ್ಲೇ. ಆ ಸೋಲಿನ ನಂತರ ಅವರು ಆದಿಲಶಾಹಿಯ ಸೇವೆಗೆ ಸೇರಿ ನಮ್ಮ ಬೆಂಗಳೂರಿಗೆ ಬಂದರು. ಬೆಂಗಳೂರಿನ ಚರಿತ್ರೆಯ ಒಂದು ಎಳೆ ಆಸನಗಾಂವ್‌ನ ತಲೆಯ ಮೇಲೆ ಕಟ್ಟಿಕೊಂಡಿದೆ ಎಂಬುದು ಆ ಏಣಿ ಹತ್ತಿದ ಕನ್ನಡಿಗನಿಗೆ ಹಿತವಾದ ಯೋಚನೆ.

ಇಳಿಯುವಾಗ ಘಸಾರಾ ಎದುರಾಯಿತು. ಗಟ್ಟಿ ನೆಲದ ಮೇಲೆ ಕಡಲೆಕಾಳಿನಷ್ಟು ಸಣ್ಣ ಕಲ್ಲುಗಳು ಹರಡಿ ಕಾಲು ಜಾರುವ ಇಳಿಜಾರಿಗೆ ಇಲ್ಲಿನ ಟ್ರೆಕ್ಕಿಗರು ಹೇಳುವ ಹೆಸರು ಅದು. ಮಳೆ ನಿಂತು ಮಣ್ಣು ಒಣಗಿದ ಚಳಿಗಾಲದಲ್ಲೇ ಅದರ ಕಾಟ ಹೆಚ್ಚು. ಹೆದರಿಕೆಗೆ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ, ವಾಲಿದೊಡನೆ ಭಾರ ಹಿಮ್ಮಡಿಗೆ ಹೋಗಿ ಕಾಲು ಕೆಳಗಿನಿಂದ ಸರಿಯುತ್ತದೆ. ಶೆಟ್ರು ನನ್ನ ಮುಂದೆ ಓರೆಯಾಗಿ ನಿಂತು ತೋರಿಸಿದರು. ಮೊಣಕಾಲು ಸ್ವಲ್ಪ ಮಡಿಸಿರಬೇಕು. ಹೆಜ್ಜೆ ಗಿಡ್ಡವಾಗಿರಬೇಕು. ಇಡೀ ಪಾದ ನೆಲಕ್ಕೆ ಕೂರಬೇಕು. ಮೂಗು ಪಾದದ ನೇರಕ್ಕೆ ಬರಬೇಕು. ಕಣ್ಣು ಕಣಿವೆಯ ಮೇಲಲ್ಲ, ಮುಂದಿನ ಮೂರು ಹೆಜ್ಜೆಯ ಮೇಲೆ. "ಬೆಟ್ಟಕ್ಕೆ ಎದೆ ಕೊಡಬೇಕು ಮಾರಾಯ್ರೆ, ಬೆನ್ನು ಕೊಟ್ರೆ ಅದು ಕೂರಿಸಿಬಿಡ್ತದೆ." ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ಹೋದಂತೆ ಕಾಲಿನ ನಡುಕ ನಿಂತು, ಹೊಟ್ಟೆ–ಸೊಂಟದ ಸ್ನಾಯುಗಳು ತಮ್ಮ ಕೆಲಸ ಶುರುಮಾಡಿದ್ದು ನನಗೇ ಗೊತ್ತಾಯಿತು. ಸೈಕಲ್ ಮೇಲೆ ಬಗ್ಗಿ ಕುಳಿತು ಮರೆತೇಹೋಗಿದ್ದ ಸ್ನಾಯುಗಳವು.

ಕೆಳಗಿನ ಹಳ್ಳಿಯಲ್ಲಿ ಒಬ್ಬ ಮಾವಶಿ ಒಲೆಯ ಮೇಲೆ ಪಿಠ್ಲ ಕುದಿಸಿ, ಅಕ್ಕಿ ಭಾಕರಿ ತಟ್ಟಿ ಬಡಿಸಿದರು. ಪಿಠ್ಲ ಎಂದರೆ ನಮ್ಮ ಜುಣಕದ ಒಡಹುಟ್ಟಿದ್ದೇ. ಕಡಲೆಹಿಟ್ಟು, ಹಸಿಮೆಣಸು, ಬೆಳ್ಳುಳ್ಳಿ. ಮೈ ದಣಿದಾಗ ಪ್ರೋಟೀನ್ ಪುಡಿಯ ಡಬ್ಬಿಗಿಂತ ಆ ತಟ್ಟೆ ಮೇಲು ಎಂದು ನಾನು ಇಂದಿಗೂ ನಂಬಿದ್ದೇನೆ.

ಆಮೇಲೆ ಭಾನುವಾರಗಳಿಗೆ ಒಂದು ಕ್ರಮ ಬಂತು. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಬೆಟ್ಟ ನಡೆಯುವವರಿಗೆ ಒಂದು ಸರಳ ಸೂತ್ರ ಕೊಟ್ಟಿದ್ದ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ತಣ್ಣನೆಯ ದೇಶದ ಲೆಕ್ಕ. ನಮ್ಮಲ್ಲಿ ಚಳಿಗಾಲದಲ್ಲೂ ಹತ್ತು ಗಂಟೆಗೆಲ್ಲ ಬಿಸಿಲು ಚುರುಗುಟ್ಟುವುದರಿಂದ ಗಂಟೆಗೆ 300 ಮೀಟರ್ ಏರಿದರೆ ಸಾಕೆಂದು ಶೆಟ್ರ ಲೆಕ್ಕ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಉಸಿರು ಅಷ್ಟರಲ್ಲಿರಬೇಕು. ಹೀಗೆ ಎರಡು–ಮೂರು ಗಂಟೆ ನಿಲ್ಲದೆ ಏರುವುದು ಹೃದಯದ ಮಟ್ಟಿಗೆ ದೀರ್ಘ ಸೈಕಲ್ ಸವಾರಿಯಷ್ಟೇ ಕೆಲಸ. ವಾರದ ನಡುವೆ ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಇಳಿದು ಕಾಲಿಗೆ ನೆನಪು ಮಾಡಿಕೊಡುತ್ತಿದ್ದೆ.

ಮುರಬಾಡ್ ದಾಟಿ ವೈಶಾಖರೆಯ ಬಳಿ ಬಸ್ಸಿನಿಂದಿಳಿದು ನಾಣೇಘಾಟ್ ಹತ್ತಿದ ದಿನ ನನ್ನ ದೃಷ್ಟಿಯೇ ಬದಲಾಯಿತು. ಕಲ್ಯಾಣ ಬಂದರಿಗೆ ಹಡಗಿನಲ್ಲಿ ಬಂದ ಸರಕು ಎರಡು ಸಾವಿರ ವರ್ಷಗಳ ಹಿಂದೆ ಇದೇ ಕಲ್ಲುದಾರಿಯಲ್ಲಿ ಜುನ್ನರಕ್ಕೂ ಅಲ್ಲಿಂದ ಪೈಠಣಕ್ಕೂ ಏರುತ್ತಿತ್ತು. ಘಾಟಿನ ನೆತ್ತಿಯ ಗುಹೆಯಲ್ಲಿ ಶಾತವಾಹನರ ರಾಣಿ ನಾಗನಿಕೆಯ ಬ್ರಾಹ್ಮಿ ಶಾಸನವಿದೆ. ಹೊರಗೆ ಸುಂಕದ ಹಣ ಹಾಕುತ್ತಿದ್ದರೆಂದು ಹೇಳುವ ದೊಡ್ಡ ಕಲ್ಲಿನ ಹಂಡೆ. ಹೊರೆ ಹೊತ್ತವರ ಪಾದಗಳು ಸವೆಸಿ ನುಣುಪು ಮಾಡಿದ ಕಲ್ಲುಗಳ ಮೇಲೆ ನಾನು ಬರಿ ನೀರಿನ ಬಾಟಲಿ ಹೊತ್ತು ಏರುತ್ತಿದ್ದೆ. ಏರುವುದು–ಇಳಿಯುವುದು ಈ ನಾಡಿನ ಜನಕ್ಕೆ ಹೊಟ್ಟೆಪಾಡಾಗಿತ್ತು. ನಾವು ಕುರ್ಚಿಗೆ ಅಂಟಿಕೊಂಡ ಮೇಲೆ ಅದಕ್ಕೆ ವ್ಯಾಯಾಮ ಎಂಬ ಹೆಸರು ಬಂದಿದೆ. ಕಾಲು ಮಾತ್ರ ಹಳೆಯ ಕೆಲಸವನ್ನು ಮರೆತಿಲ್ಲ.

ಗಾಳಿಯ ವ್ಯತ್ಯಾಸ ಮೈಗೆ ಹತ್ತಿದ್ದು ಮಾಥೇರಾನಿನಲ್ಲಿ. 1907ರಲ್ಲಿ ಆದಮ್‌ಜಿ ಪೀರ್‌ಭಾಯಿ ಕುಟುಂಬ ಕಟ್ಟಿಸಿದ ಎರಡು ಅಡಿ ಅಗಲದ ಹಳಿಯ ಪುಟ್ಟ ರೈಲು ನೇರಳ್‌ನಿಂದ ಅಲ್ಲಿಗೆ ಏರುತ್ತದೆ. ಪ್ರವಾಸಿಗರ ಪೆಟ್ರೋಲ್–ಡೀಸೆಲ್ ಗಾಡಿಗಳಿಗೆ ದಸ್ತೂರಿ ನಾಕಾದಿಂದ ಮುಂದೆ ಪ್ರವೇಶವಿಲ್ಲ. ಕೆಂಪು ಮಣ್ಣಿನ ದಾರಿ, ಕುದುರೆಗಳು, ನೆರಳು. ತುದಿಯ ಪಾಯಿಂಟಿನಲ್ಲಿ ನಿಂತು ಕೆಳಗೆ ನೋಡಿದರೆ ಕಲ್ಯಾಣ–ಪನವೇಲ್ ಬಯಲಿನ ಮೇಲೆ ಬೂದುಬಣ್ಣದ ಪದರ ಹಾಸಿಕೊಂಡಿತ್ತು, ಅದರ ಮೇಲಂಚು ಗೆರೆ ಎಳೆದಂತೆ ಸ್ಪಷ್ಟ. ನಾವು ಆ ಗೆರೆಯ ಮೇಲಿದ್ದೆವು. ಮನೆಯಲ್ಲಿ ಹೆಂಡತಿ ಮಕ್ಕಳು ಅದರ ಕೆಳಗಿದ್ದರು.

ಬೆಟ್ಟಕ್ಕೆ ಚಳಿಗಾಲವನ್ನೇ ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವಿದೆ. 2023ರ ಜುಲೈ 19ರ ರಾತ್ರಿ, ಇರ್ಶಾಳಗಡದ ಇಳಿಜಾರಿನಲ್ಲಿದ್ದ ಇರ್ಶಾಳವಾಡಿ ಎಂಬ ಹಳ್ಳಿಯ ಮೇಲೆ ಗುಡ್ಡ ಕುಸಿಯಿತು. 27 ಜನರ ಶವ ಸಿಕ್ಕಿತು, 57 ಜನ ಮಣ್ಣಿನಲ್ಲೇ ಉಳಿದರು. ಶೆಟ್ರು ಆ ವಾಡಿಯಲ್ಲಿ ಎಷ್ಟೋ ಸಲ ಚಹಾ ಕುಡಿದವರು. ಅದರ ಮಾತು ಬಂದಾಗ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಮಳೆಗಾಲದ ಸಹ್ಯಾದ್ರಿಯ ಜಲಪಾತಗಳ ಚೆಲುವು ದೊಡ್ಡದು, ಆದರೆ ಆ ದಿನಗಳಲ್ಲಿ ಬೆಟ್ಟವನ್ನು ಅಲ್ಲಿನ ಜನರಿಗೂ ರಕ್ಷಣಾ ಸಿಬ್ಬಂದಿಗೂ ಬಿಟ್ಟು ದೂರವಿರುವುದೇ ಮರ್ಯಾದೆ. ಚಳಿಗಾಲದಲ್ಲೂ ಎಚ್ಚರ ಬೇಕು. ಜನವರಿಗೆ ಗಡದ ಮೇಲಿನ ಕಲ್ಲುತೊಟ್ಟಿಗಳಲ್ಲಿ ಕುಡಿಯುವ ನೀರು ಸಿಗುವ ಭರವಸೆಯಿಲ್ಲ, ಮೂರು–ನಾಲ್ಕು ಲೀಟರ್ ಹೊತ್ತೇ ಹೋಗಬೇಕು. ಬಂಡೆಯಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಸೆಂಟು, ಹೊಗೆ, ಕೂಗಾಟ ಕೂಡದು. ಒಣಹುಲ್ಲಿಗೆ ಒಂದು ಬೀಡಿಯ ಕಿಡಿ ಬಿದ್ದರೆ ಇಡೀ ಬೆಟ್ಟವೇ ಉರಿಯುತ್ತದೆ.

ಸಂಕ್ರಾಂತಿ ಕಳೆದು ಗಾಳಿ ಸ್ವಲ್ಪ ಓಡಾಡತೊಡಗಿದ ಮೇಲೆ ಸೈಕಲ್ ಇಳಿಸಿ ಚೈನಿಗೆ ಎಣ್ಣೆ ಹಾಕಿ ಮಾಳಶೇಜ್ ಘಾಟಿನ ದಾರಿ ಹಿಡಿದೆ. ಬೆಟ್ಟ ಎಲ್ಲವನ್ನೂ ಉಳಿಸಿಕೊಟ್ಟಿರಲಿಲ್ಲ. ಪೆಡಲ್ ವೇಗವಾಗಿ ತಿರುಗಿಸುವ ಸಲೀಸುತನ ಹೋಗಿತ್ತು, ಸೀಟಿನ ಮೇಲೆ ಕೂರುವ ರೂಢಿ ತಪ್ಪಿತ್ತು. ಅವೆರಡೂ ಕೆಲವೇ ವಾರಗಳಲ್ಲಿ ಮರಳಿದವು. ಏರಿನಲ್ಲಿ ಮಾತ್ರ ಹೊಸ ಬಲವಿತ್ತು. ಎದ್ದು ನಿಂತು ತುಳಿದರೆ ಸೊಂಟ ಅಲುಗುತ್ತಿರಲಿಲ್ಲ, ದೂರದ ಸವಾರಿಯಲ್ಲಿ ಕಾಡುತ್ತಿದ್ದ ಕೆಳಬೆನ್ನಿನ ನೋವು ಇರಲಿಲ್ಲ. ಘಾಟಿನ ನೆತ್ತಿಯಲ್ಲಿ ಸೈಕಲ್ ಒರಗಿಸಿ ಶೆಟ್ರಿಗೆ ಫೋನ್ ಮಾಡಿದೆ. "ಇನ್ನು ಬೆಟ್ಟ ಬಿಡಬೇಡಿ ಆಯ್ತಾ" ಎಂದರು. ಬಿಟ್ಟಿಲ್ಲ.

ಆ ಚಳಿಗಾಲ ನನ್ನ ಮೈಯನ್ನು ಉಳಿಸಿತು, ಅದರ ಜೊತೆ ಒಂದು ಚಿಂತೆಯನ್ನೂ ಕೊಟ್ಟಿತು. ಸಹ್ಯಾದ್ರಿಯ ಈ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಡಿದ ಲಾವಾ. ನವಿಮುಂಬಯಿಯ ಬೆನ್ನಿಗಿರುವ ಪಾರಸಿಕ್ ಬೆಟ್ಟದ ಸಾಲನ್ನು ದಶಕಗಳ ಕಾಲ ಕಲ್ಲುಕ್ವಾರಿಗಳು ಸೀಳಿ ಖಡಿ ಮಾಡಿವೆ. ನಮ್ಮ ರಸ್ತೆ, ಟವರು, ಮೆಟ್ರೊ ಕಂಬಗಳ ಕಾಂಕ್ರೀಟಿನಲ್ಲಿರುವುದು ಇಂಥ ಬೆಟ್ಟಗಳ ಕಲ್ಲೇ. ಅಂದರೆ ಶಿಳ್ ರಸ್ತೆಯಲ್ಲಿ ನನ್ನ ಉಸಿರಿಗೆ ಸೇರುತ್ತಿದ್ದ ಧೂಳಿನಲ್ಲಿ ಪುಡಿಯಾದ ಬೆಟ್ಟದ ಪಾಲೂ ಇತ್ತು. ಆರೋಗ್ಯ ನನ್ನೊಬ್ಬನ ಶಿಸ್ತಿನಿಂದ ಆಗುವ ಕೆಲಸ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಬೆಳಗ್ಗೆ ಬೇಗ ಎದ್ದರೆ, ಹಿತಮಿತವಾಗಿ ತಿಂದರೆ ಆಯಿತು ಎಂದು. ಉಸಿರಾಡಲು ಗಾಳಿ, ನಡೆಯಲು ಬೆಟ್ಟ ಉಳಿದಿದ್ದರೆ ತಾನೇ ಆ ಶಿಸ್ತಿಗೆ ಬೆಲೆ?

ಅದಕ್ಕೇ ಈಗ ಒಟ್ಟಿಗೆ ಬೆಟ್ಟ ಹತ್ತುವ ನಾವು ಗಡದಿಂದ ಇಳಿಯುವಾಗ ಪ್ಲಾಸ್ಟಿಕ್ ಹೆಕ್ಕಿ ತರುತ್ತೇವೆ. ವಾರ್ಡಿನ ಸಭೆಗಳಲ್ಲಿ, ಕಾಮಗಾರಿಯ ಜಾಗಕ್ಕೆ ಹಸಿರು ಪರದೆ ಕಟ್ಟಿ, ನೀರು ಸಿಂಪಡಿಸಿ, ಮಣ್ಣಿನ ಲಾರಿಗೆ ತಾಡಪಾಲು ಹೊದಿಸಿ ಎಂದು ಎದ್ದು ನಿಂತು ಕೇಳುತ್ತೇವೆ. ಸಭೆಗೆ ಬರುವವರು ಕಡಿಮೆ, ಕೇಳಿದ್ದು ಒಮ್ಮೆಗೇ ಆಗುವುದೂ ಇಲ್ಲ. ಆದರೂ ನನ್ನ ಮಕ್ಕಳ ಕಾಲಕ್ಕೆ ಡಿಸೆಂಬರಿನಲ್ಲಿ ಸೈಕಲ್ಲೋ ಬೆಟ್ಟವೋ ಎಂಬುದು ಅವರ ಇಷ್ಟದ ಪ್ರಶ್ನೆಯಾಗಬೇಕು, ಗಾಳಿ ನಿರ್ಧರಿಸುವ ಪ್ರಶ್ನೆಯಾಗಬಾರದು. ಅಷ್ಟನ್ನು ಕೇಳುವುದು ಈ ಊರುಗಳಲ್ಲಿ ದುಡಿದು ಬದುಕುವವರೆಲ್ಲರ ಹಕ್ಕು.